ಗೂಡು ಬಿಡಿಸುವ ದಿನ

ಶಿಡ್ಲಘಟ್ಟ
೧೨ ಮಾರ್ಚ್ ೨೦೨೫

ಮೌನಿ,

ಫೋನಿನಲ್ಲಿ ನನ್ನ ನಂಬರ್ ಬ್ಲಾಕ್ ಮಾಡಿದ್ದೀಯ. ಅಂಚೆಯವರನ್ನು ಬ್ಲಾಕ್ ಮಾಡುವ ಬಟನ್ನು ಇನ್ನೂ ಬಂದಿಲ್ಲ, ಅದಕ್ಕೇ ಈ ದಾರಿ ಹಿಡಿದಿದ್ದೇನೆ. ಪೊಟ್ಟಣದೊಳಗೆ ಗಟ್ಟಿಯಾಗಿ ಕೈಗೆ ಸಿಗುವುದು ನಮ್ಮ ಕುಕ್ಕರಿನ ವಿಷಲ್. ಗೌರಿಬಿದನೂರಿನ ರೂಮಿನಿಂದ ಅವಸರದಲ್ಲಿ ಗಂಟು ಕಟ್ಟುವಾಗ ಕುಕ್ಕರನ್ನು ನಿನಗೆ ಬಿಟ್ಟು ವಿಷಲನ್ನು ನನ್ನ ಬ್ಯಾಗಿಗೆ ಹಾಕಿಕೊಂಡು ಬಂದಿದ್ದೇನೆ. ಇಷ್ಟು ದಿನ ಅನ್ನ ಹೇಗೆ ಬೇಯಿಸಿಕೊಂಡೆಯೋ. ಹೇಳದೆ ಕೇಳದೆ ಹೋದಳು ಅನ್ನುವ ಸಿಟ್ಟಿಗೆ ಈ ಸಿಟ್ಟೂ ಸೇರಿರುತ್ತದೆ ಅಂತ ಗೊತ್ತು.

ಏನಾಯಿತು ಅಂತ ಹೇಳುತ್ತೇನೆ, ಓದು. ನೀನು ಅಪ್ಪ ಅಮ್ಮನನ್ನು ನೋಡಲು ಸಾದಲಿಗೆ ಹೋಗಿದ್ದ ಭಾನುವಾರ ನಮ್ಮ ಮನೆಯಿಂದ ಫೋನ್ ಬಂತು. ಅಬ್ಬ ನಮ್ಮ ರೇಷ್ಮೆ ನೂಲು ಬಿಚ್ಚುವ ಶೆಡ್ಡಿನಲ್ಲಿ ಒದ್ದೆ ನೆಲದ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದರು. ಆಪರೇಷನ್ ಆಯಿತು. ಊರಿಗೆ ಬಂದದ್ದಕ್ಕೆ ಇದು ಕಾರಣ. ತಿರುಗಿ ಸ್ಕೂಲಿಗೆ ಬರದಿದ್ದಕ್ಕೆ ಕಾರಣ ಬೇರೆ, ಅದನ್ನು ಅಬ್ಬನ ಸೊಂಟದ ಮೇಲೆ ಹೊರಿಸುವುದಿಲ್ಲ. ನನಗೆ ಪಾಠ ಮಾಡುವುದು ಸಾಕಾಗಿತ್ತು ಮೌನಿ. ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳುವಾಗ ನನಗೆ ಮೈ ಉರಿಯುತ್ತದೆ. ನೀನು ಪಕ್ಕದ ಕ್ಲಾಸಿನಲ್ಲಿ ಅದೇ ಭಿನ್ನರಾಶಿಯನ್ನು ಮತ್ತೆ ಮತ್ತೆ, ಅದೇ ದನಿಯಲ್ಲಿ ಹೇಳುವುದು ಗೋಡೆಯಾಚೆಯಿಂದ ಕೇಳುತ್ತಿತ್ತು. ಇದು ಅಭ್ಯಾಸ ಮಾಡಿ ಬರುವ ಗುಣವಲ್ಲ, ನನ್ನಲ್ಲಿ ಇದು ಇಲ್ಲ ಅಂತ ಆಗಲೇ ಗೊತ್ತಾಗಿತ್ತು.

ಈಗ ದಿನಾ ಬೆಳಿಗ್ಗೆ ಅಬ್ಬನ ಬದಲು ನಾನು ರೇಷ್ಮೆ ಗೂಡಿನ ಮಾರ್ಕೆಟ್ಟಿಗೆ ಹೋಗುತ್ತೇನೆ. ಅಣ್ಣ ಆತಿಫ್ ತನ್ನ ಮೊಬೈಲ್ ಅಂಗಡಿ ಬಿಟ್ಟು ಕದಲುವವನಲ್ಲ, ಗೂಡಿನ ವಾಸನೆಗೇ ಮೂಗು ಮುಚ್ಚುತ್ತಾನೆ. ರಂಜಾನ್ ತಿಂಗಳು, ಸಹರಿ ಊಟ ಮುಗಿಸಿ ನಮಾಜು ಮಾಡಿ ಹೊರಟರೆ ಮಾರ್ಕೆಟ್ಟಿಗೆ ಹೋಗುವ ಹೊತ್ತಿಗೆ ರೈತರು ಮೂಟೆ ಬಿಚ್ಚಿ ಗೂಡನ್ನು ಜಾಲರಿಗಳಲ್ಲಿ ಸುರಿಯುತ್ತಿರುತ್ತಾರೆ. ನೂಲು ಬಿಚ್ಚುವ ನಮ್ಮಂಥ ರೀಲರುಗಳು ಒಂದೊಂದು ಜಾಲರಿಯ ಮುಂದೆ ನಿಂತು, ಕೈ ಹಾಕಿ, ಅಲ್ಲಾಡಿಸಿ, ನೋಡಿ, ಮೊಬೈಲಿನಲ್ಲಿ ದರ ಒತ್ತುತ್ತಾರೆ, ಹೆಚ್ಚು ಒತ್ತಿದವರಿಗೆ ಗೂಡು. ಮೊದಲ ದಿನ ಅಬ್ಬನ ಹಳೆಯ ಪೈಪೋಟಿಯ ರೀಲರು ಗಂಗರಾಜು, "ಟೀಚರಮ್ಮ, ಹಾಜ್ರಿ ಹಾಕಕ್ ಬಂದ್ರಾ?" ಅಂತ ಕೇಳಿದ. ಎಲ್ಲರೂ ನಕ್ಕರು. ನಾನೂ ನಕ್ಕು ಪಕ್ಕದ ಜಾಲರಿಗೆ ಹೋದೆ. ಹೆಂಗಸೊಬ್ಬಳು ಅಲ್ಲಿ ನಿಂತು ದರ ಒತ್ತುವುದು ಅವರಿಗೆ ಹೊಸದು, ನನಗೂ ಹೊಸದು, ಗೂಡಿಗೆ ಮಾತ್ರ ಯಾವ ವ್ಯತ್ಯಾಸವೂ ಇಲ್ಲ.

ನನಗೆ ಇದು ಹಿಡಿಸಿದೆ. ಅಷ್ಟಿಷ್ಟಲ್ಲ, ತುಂಬಾ ಹಿಡಿಸಿದೆ. ಅಬ್ಬ ಮಾತ್ರ ಮಂಚದಿಂದಲೇ ಗೆರೆ ಎಳೆದಿದ್ದಾರೆ: ನನ್ನ ಕಾಲು ನೆಟ್ಟಗಾಗುವವರೆಗೂ ನೀನು, ಆಮೇಲೆ ಮರ್ಯಾದೆಯಾಗಿ ನಿನ್ನ ಬಿ.ಎಡ್. ನೋಡಿಕೋ ಅಂತ. ಅಬ್ಬ ಬೇಗ ನಡೆಯಲಿ ಅಂತ ದುವಾ ಕೇಳುತ್ತೇನೆ. ತುಂಬಾ ಬೇಗ ಬೇಡ ಅಂತ ಮನಸ್ಸು ಒಳಗೊಳಗೇ ಸೇರಿಸಿಬಿಡುತ್ತದೆ. ಇದನ್ನು ನಿನ್ನ ಹತ್ತಿರ ಬಿಟ್ಟು ಇನ್ಯಾರ ಹತ್ತಿರ ಹೇಳಲಿ ಕಣೇ.

ನೀನು ಬ್ಲಾಕ್ ಮಾಡಿರುವ
ಜಬೀನ್

*

ಗೌರಿಬಿದನೂರು
೬ ಏಪ್ರಿಲ್ ೨೦೨೫

ಜಬೀನ್,

ವಿಷಲ್ ತಲುಪಿತು. ನಿಮ್ಮ ತಂದೆಯವರ ವಿಷಯ ಓದಿ ಬೇಜಾರಾಯಿತು, ಹುಷಾರಾಗಲಿ.

ನೀನು ಹೋದ ಮೇಲೆ ನಿನ್ನ ಆರನೇ ಕ್ಲಾಸನ್ನೂ ನಾನೇ ನೋಡಿಕೊಂಡೆ. ಪರೀಕ್ಷೆ ಮುಗಿಸಿದೆ, ಮೌಲ್ಯಮಾಪನ ಮುಗಿಸಿದೆ. ನಿನ್ನನ್ನು ಸೇರಿಸಿಕೊಳ್ಳಿ ಅಂತ ಹೆಡ್‌ಮಿಸ್ ಹತ್ತಿರ ಹೇಳಿದವಳು ನಾನು. ಅವರು ಈಗಲೂ ಕಾರಿಡಾರಿನಲ್ಲಿ ಎದುರಾದಾಗ, "ನಿಮ್ ಫ್ರೆಂಡ್ ಹೇಗಿದಾರೆ?" ಅಂತ ನಗುತ್ತಾ ಕೇಳುತ್ತಾರೆ. ಆ ನಗು ನಿನಗೆ ಗೊತ್ತು.

ನಿನಗೆ ಸಾಕಾಗಿತ್ತು ಅಂತ ಬರೆದಿದ್ದೀಯ. ಒಂದೇ ರೂಮಿನಲ್ಲಿ ಇದ್ದವಳಿಗೆ ಅದನ್ನು ಬಾಯಿಬಿಟ್ಟು ಹೇಳಬಹುದಿತ್ತು. ಬಿಡು. ಚಿಂತಾಮಣಿಯ ಇನ್ಶೂರೆನ್ಸ್ ಕಚೇರಿ ನೆನಪಿದೆಯಾ? ಜನರ ಜೊತೆ ಓಡಾಡುವ ಕೆಲಸ, ನನಗೆಂದೇ ಮಾಡಿಸಿದ ಹಾಗಿದೆ ಅಂತ ನೀನು ಅಂದಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಬಿಟ್ಟೆ. ಆಮೇಲೆ ಚಿಕ್ಕಬಳ್ಳಾಪುರದ ಕಂಪ್ಯೂಟರ್ ಸೆಂಟರ್, ಅಲ್ಲೂ ಹೀಗೇ ಕುಣಿದೆ, ಅಲ್ಲೂ ಬಿಟ್ಟೆ. ಆಮೇಲೆ ನಮ್ಮ ಸ್ಕೂಲು. ತಪ್ಪು ಕೆಲಸದ್ದೋ ನಿನ್ನದೋ ಅಂತ ನನಗೆ ತಿಳಿಯುವುದಿಲ್ಲ.

ಆ ಮಾರ್ಕೆಟ್ಟೂ ನಿನಗೆ ಬೇಜಾರಾಗುತ್ತದೆ. ಹಾಗೆ ಬೇಜಾರಾದ ದಿನ ಏನು ಮಾಡಿದೆ ಅಂತ ಬರಿ. ಮಿಕ್ಕಿದ್ದು ನನಗೆ ಬೇಡ.

ಮೌನಿಕಾ

*

ಶಿಡ್ಲಘಟ್ಟ
೧ ಜೂನ್ ೨೦೨೫

ಮೌನಿ,

ನೀನು ಕೇಳಿದ ದಿನ ಬಂದು ಹೋಯಿತು. ಬರೆಯುತ್ತಿದ್ದೇನೆ.

ಮೇ ತಿಂಗಳಲ್ಲಿ ನಾಲ್ಕಾರು ದಿನ ಮಳೆ ಹಿಡಿದಿತ್ತಲ್ಲ, ಆಗ ನಲ್ಲಪ್ಪ ಅನ್ನುವ ರೈತ ಒಂದು ಲಾಟ್ ತಂದಿದ್ದ. ಮೇಲ್ಮೇಲೆ ನೋಡಿದರೆ ಒಳ್ಳೆಯ ಹಳದಿ ಬಣ್ಣ, ಗಟ್ಟಿ ಗೂಡು. ಆತ ಅಬ್ಬನ ಆರೋಗ್ಯ ವಿಚಾರಿಸಿದ, ನಿಮ್ಮಪ್ಪನಂಥ ಮನುಷ್ಯ ಇಲ್ಲ ಅಂದ. ನಾನು ಕರಗಿಹೋದೆ. ಮೇಲಿನ ಗೂಡು ಮಾತ್ರ ಎತ್ತಿ ಅಲ್ಲಾಡಿಸಿ ನೋಡಿ, ಜಾಲರಿಯ ತಳಕ್ಕೆ ಕೈ ಹಾಕದೆ ದರ ಒತ್ತಿದೆ. ಶೆಡ್ಡಿಗೆ ತಂದು ಸುರಿದಾಗ ಗೊತ್ತಾಯಿತು, ಅಡಿಯದೆಲ್ಲ ಹಸಿ ಗೂಡು.

ನೀನು ಹುಳು ಸಾಕುವ ಮನೆಯ ಮಗಳು, ನಿನಗೆ ಹೇಳಬೇಕಾಗಿಲ್ಲ. ಆದರೂ ಹೊಸದಾಗಿ ಕಲಿತವಳು ಹೇಳದೆ ಇರಲಾರಳು. ಒಳಗಿನ ಹುಳು ಪೂರ್ತಿ ಕೋಶವಾಗುವ ಮುಂಚೆ ಗೂಡನ್ನು ಅದು ಕಟ್ಟಿದ ಬಿದಿರಿನ ಚಂದ್ರಿಕೆಯಿಂದ ಬಿಡಿಸಿಬಿಟ್ಟರೆ, ಮೂಟೆಯಲ್ಲಿ ಅದು ಜಜ್ಜಿ ರಸ ಬಿಟ್ಟು ಗೂಡೆಲ್ಲ ಕಲೆಯಾಗುತ್ತದೆ. ಬಲಿತ ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಣ ಹುಣಸೆಕಾಯಿಯೊಳಗೆ ಬೀಜ ಆಡಿದ ಹಾಗೆ ಸದ್ದು ಬರುತ್ತದೆ. ಹಸಿಯದು ಸುಮ್ಮನಿರುತ್ತದೆ.

ಅಬ್ಬ ಬೈಯಲಿಲ್ಲ. ವಾಕರ್ ಹಿಡಿದು ಶೆಡ್ಡಿನ ಬಾಗಿಲವರೆಗೂ ಬಂದು, ಬಿಸಿನೀರಿನ ತೊಟ್ಟಿಯ ಮುಂದೆ ನನ್ನನ್ನು ಕೂರಿಸಿ, ನೀನು ಕೊಂಡದ್ದನ್ನು ನೀನೇ ಬಿಚ್ಚು ಅಂದರು. ದಿನವೆಲ್ಲ ಬಿಚ್ಚಿದೆ. ಎಳೆ ಸಿಕ್ಕಿತು ಅನ್ನುವಷ್ಟರಲ್ಲಿ ಹರಿಯುತ್ತಿತ್ತು, ಮತ್ತೆ ಹುಡುಕಬೇಕು, ಮತ್ತೆ ಹರಿಯುತ್ತಿತ್ತು. ಬೆರಳು ಬೆಂದು ಬೆಳ್ಳಗಾದವು. ಕೆಲಸದ ಹೆಂಗಸರು ನನ್ನ ಕಡೆ ನೋಡದ ಹಾಗೆ ನೋಡುತ್ತಿದ್ದರು. ಬೇಜಾರಾಯಿತಾ ಅಂತ ಕೇಳು. ಅಳು ಬರುವಷ್ಟು ಆಯಿತು.

ಆ ದಿನ ಏನು ಮಾಡಿದೆ ಅಂತ ಕೇಳಿದ್ದೆಯಲ್ಲ. ಉಂಡು ಮಲಗಿದೆ, ಮಾರನೇ ದಿನ ಎದ್ದು ಮಾರ್ಕೆಟ್ಟಿಗೆ ಹೋದೆ. ಮೊದಲ ಜಾಲರಿಯ ತಳಕ್ಕೆ ಮೊಣಕೈವರೆಗೂ ಕೈ ಇಳಿಸಿದೆ. ಗಂಗರಾಜು, "ಟೀಚರಮ್ಮ ಕಿವಿ ಓಲೆ ಕಳ್ಕೊಂಡ್ರೇನೋ" ಅಂದ. ಅವನ ಪಾಡಿಗೆ ಅವನು, ನನ್ನ ಪಾಡಿಗೆ ನಾನು.

ಯಾಕೆ ಹಿಡಿಸಿದೆ ಅಂತ ಈಗ ತಿಳಿಯಿತು. ಸ್ಕೂಲಿನಲ್ಲಿ ಇವತ್ತು ಹೇಳಿಕೊಟ್ಟದ್ದು ಹತ್ತಿತೋ ಇಲ್ಲವೋ ಅಂತ ತಿಳಿಯಲು ವರ್ಷಗಟ್ಟಲೆ ಕಾಯಬೇಕು. ಇಲ್ಲಿ ಬೆಳಿಗ್ಗೆಯ ತೀರ್ಮಾನಕ್ಕೆ ಸಂಜೆಯೊಳಗೆ ನೂಲು ಉತ್ತರ ಕೊಡುತ್ತದೆ. ಒಂದೇ ನೋಟಕ್ಕೆ ಅಳೆದುಬಿಡ್ತೀಯ, ಮಕ್ಕಳ ಹತ್ತಿರ ಹಾಗೆ ಮಾಡಬಾರದು ಅಂತ ನೀನು ಬೈಯುತ್ತಿದ್ದೆ. ಸರಿಯಾಗೇ ಬೈಯುತ್ತಿದ್ದೆ. ಅದೇ ಗುಣಕ್ಕೆ ಇಲ್ಲಿ ಕೂಲಿ ಕೊಡುತ್ತಾರೆ. ನಾನು ಬದಲಾಗಿಲ್ಲ ಮೌನಿ, ನಿಂತ ಜಾಗ ಬದಲಾಗಿದೆ.

ಬೆರಳಿಗೆ ಮುಲಾಮು ಹಚ್ಚಿಕೊಂಡು ಬರೆದಿರುವ
ಜಬೀನ್

*

ಗೌರಿಬಿದನೂರು
೧೦ ಆಗಸ್ಟ್ ೨೦೨೫

ಜಬೀನ್,

ತಡವಾಯಿತು. ನಿನ್ನ ಕಾಗದವನ್ನು ಎರಡು ಸಲ ಓದಿದೆ. ಸಿಟ್ಟು ಪೂರ್ತಿ ಹೋಗಿಲ್ಲ, ಆದರೆ ಬ್ಲಾಕ್ ತೆಗೆದಿದ್ದೇನೆ. ಹಾಗಂತ ಫೋನ್ ಮಾಡಬೇಡ, ಕಾಗದವನ್ನೇ ಬರಿ. ಫೋನಿನಲ್ಲಿ ನೀನು ಒಂದೇ ಸಲ ಹೇಳುತ್ತೀಯ, ಕಾಗದವಾದರೆ ನನಗೆ ಬೇಕಾದಷ್ಟು ಸಲ ಹೇಳುತ್ತದೆ.

ನಿನ್ನ ಕ್ಲಾಸಿನ ಕಿಟಕಿ ಪಕ್ಕದ ಹುಡುಗಿ ನೆನಪಿದೆಯಾ, ಇವಳಿಗೆ ಗಣಿತ ಹತ್ತೋದಿಲ್ಲ ಅಂತ ಮೊದಲ ವಾರವೇ ತೀರ್ಮಾನ ಕೊಟ್ಟಿದ್ದೆಯಲ್ಲ, ಅವಳು. ಮೊನ್ನೆ ಮಕ್ಕಳನ್ನು ವಿದುರಾಶ್ವತ್ಥಕ್ಕೆ ಕರೆದುಕೊಂಡು ಹೋಗಿದ್ದೆವು. ಊಟದ ಹೊತ್ತಿನಲ್ಲಿ ಅವಳು ತನ್ನ ಚಪಾತಿಯನ್ನು ಪಕ್ಕದವಳಿಗೆ ಹಂಚುತ್ತಾ, ಅರ್ಧದಲ್ಲಿ ಅರ್ಧ ಅಂದರೆ ಕಾಲು ಅಂತ ನನಗಿಂತ ಚೆನ್ನಾಗಿ ವಿವರಿಸುತ್ತಿದ್ದಳು. ನಾನು ಮರದ ಕಡೆ ತಿರುಗಿ ಕಣ್ಣು ಒರೆಸಿಕೊಂಡೆ. ನಿನ್ನನ್ನು ಚುಚ್ಚಲು ಇದನ್ನು ಬರೆಯುತ್ತಿಲ್ಲ. ನಿನಗೆ ಸಂಜೆಯೊಳಗೆ ಉತ್ತರ ಬೇಕು. ನನಗೆ ಕಾಯುವುದೇ ಇಷ್ಟ, ಅದಕ್ಕೇ ನಾನು ಇಲ್ಲಿದ್ದೇನೆ. ನಿನ್ನ ಕಾಗದ ಓದಿದ ಮೇಲೆ ಇದು ನನಗೂ ಹೊಳೆಯಿತು.

ಈಗ ಒಂದು ಕೆಲಸ ಆಗಬೇಕು. ಅಪ್ಪ ಸಾದಲಿಯಲ್ಲಿ ಈ ಬೆಳೆಗೆ ಹುಳು ಇಟ್ಟಿದ್ದಾರೆ, ಗೌರಿ ಹಬ್ಬದ ಆಸುಪಾಸಿನಲ್ಲಿ ಗೂಡಾಗುತ್ತದೆ. ನಮ್ಮದು ಗೊತ್ತಲ್ಲ, ಪ್ರತ್ಯೇಕ ಹುಳುಮನೆ ಇಲ್ಲ, ನಡುಮನೆಯಲ್ಲೇ ಸಾಕುವುದು. ಗೂಡು ಮನೆಯಿಂದ ಆಚೆ ಹೋಗುವವರೆಗೂ ಅಮ್ಮ ಒಗ್ಗರಣೆ ಹಾಕುವುದಿಲ್ಲ, ಊದುಬತ್ತಿ ಹಚ್ಚುವುದಿಲ್ಲ, ಹುಳುವಿಗೆ ಘಾಟು ಆಗದು ಅಂತ. ಹೋದ ವರ್ಷ ಹಬ್ಬಕ್ಕೆ ಹೋಗಿ ಬರೀ ಬೇಯಿಸಿದ್ದು ತಿಂದು ಬಂದೆ. ಈ ಸಲ ಹಬ್ಬದ ದಿನ ಮನೆಯಲ್ಲಿ ಹುಳು ಇದ್ದರೆ ಬಸ್ಸಿಳಿಯದೆ ಹಾಗೇ ವಾಪಸ್ಸು ಹೋಗ್ತೀನಿ ಅಂತ ಅಪ್ಪನಿಗೆ ಹೆದರಿಸಿದ್ದೇನೆ. ಪಾಪ, ಆಗಲಮ್ಮ ಅಂದರು.

ಅಪ್ಪ ಗೂಡು ತಂದಾಗ ನೀನೇ ತೆಗೆದುಕೋ. ಬೇರೆ ರೈತರ ಹಾಗಲ್ಲ, ನಮ್ಮಪ್ಪ ಅಂತ ನೋಡು. ನಮ್ಮ ಮನೆಯಲ್ಲಿ ನೀನು ತಿಂದ ಮುದ್ದೆಗಳ ಮೇಲೆ ಆಣೆ.

ಮೌನಿ

*

ಗೌರಿಬಿದನೂರು
೩೦ ಆಗಸ್ಟ್ ೨೦೨೫

ಜಬೀನ್,

ಹಬ್ಬದ ಹಿಂದಿನ ದಿನ ನಾನು ಬಸ್ಸಿಳಿದು ಮನೆಗೆ ಹೋದಾಗ ಅಪ್ಪ ಹಿತ್ತಲಲ್ಲಿ ಗೋಡೆ ನೋಡಿಕೊಂಡು ಕುಳಿತಿದ್ದರು. ಬೆಳಿಗ್ಗೆ ಮಾರ್ಕೆಟ್ಟಿನಲ್ಲಿ ನಡೆದದ್ದನ್ನು ಅಮ್ಮ ಹೇಳಿದಳು. ನೀನು ಅಪ್ಪನ ಜಾಲರಿಗೆ ಕೈ ಹಾಕಿ, ಗೂಡು ಅಲ್ಲಾಡಿಸಿ, ಇದು ಹಸಿ ಅಂತ ಹೇಳಿ ಮುಂದಕ್ಕೆ ಹೋದೆಯಂತೆ. ದರ ಕೂಡ ಒತ್ತಲಿಲ್ಲವಂತೆ. ನೀನು ಹೇಳಿದ್ದು ಕೇಳಿದ ಮೇಲೆ ಉಳಿದ ರೀಲರುಗಳೂ ಹಿಂದೆ ಸರಿದರಂತೆ. ಕೊನೆಗೆ ಯಾರೋ ತೀರಾ ಕಡಿಮೆಗೆ ಕೊಂಡುಹೋದರು.

ನಾನು ಕೇಳಿದ್ದು ಒಂದೇ ಒಂದು. ಜಾಸ್ತಿ ಕೊಡು ಅಂತ ಕೇಳಿರಲಿಲ್ಲ, ನಮ್ಮಪ್ಪ ಅಂತ ನೋಡು ಅಂದಿದ್ದೆ. ನಿನಗೆ ಅದೂ ಭಾರವಾಯಿತು. ಹಬ್ಬಕ್ಕೆ ಅಮ್ಮ ಒಗ್ಗರಣೆ ಹಾಕಿದಳು, ವಡೆ ಕರಿದಳು. ವಡೆ ತಟ್ಟೆಯಲ್ಲೇ ಉಳಿಯಿತು.

ಮತ್ತೆ ಬ್ಲಾಕ್ ಮಾಡಿದ್ದೇನೆ.

ಮೌನಿಕಾ

*

ಶಿಡ್ಲಘಟ್ಟ
೫ ಸೆಪ್ಟೆಂಬರ್ ೨೦೨೫

ಮೌನಿ,

ಶಿಕ್ಷಕರ ದಿನದ ಶುಭಾಶಯ ಬರೆಯಬೇಕಾದ ದಿನ ಜಗಳದ ಕಾಗದ ಬರೆಯುತ್ತಿದ್ದೇನೆ. ಕೊಂಡಪ್ಪ ಮಾಮನಿಗೆ ನೋವಾದದ್ದಕ್ಕೆ ನನಗೂ ನೋವಾಗಿದೆ. ಆದರೆ ಹಸಿ ಗೂಡನ್ನು ಹಸಿ ಅಂದದ್ದಕ್ಕೆ ಕ್ಷಮೆ ಕೇಳುವುದಿಲ್ಲ.

ನಡೆದದ್ದು ಹೀಗೆ. ಅವರ ಜಾಲರಿ ಹುಡುಕಿಕೊಂಡು ನಾನೇ ಹೋದೆ. ಮಾಮ ನನ್ನನ್ನು ನೋಡಿ ಮುಖ ಅರಳಿಸಿದರು. ತಳಕ್ಕೆ ಕೈ ಹಾಕಿದೆ. ಅಲ್ಲಾಡಿಸಿದೆ, ಸದ್ದಿಲ್ಲ. ಇನ್ನೊಂದು ಎತ್ತಿದೆ, ಸದ್ದಿಲ್ಲ. ಅವರ ಹತ್ತಿರ ಬಗ್ಗಿ ಮೆಲ್ಲಗೆ, ಇದು ಇನ್ನೂ ಚಂದ್ರಿಕೆಯಲ್ಲಿ ಇರಬೇಕಿತ್ತು ಮಾಮ ಅಂದೆ. ಅವರು ಗಟ್ಟಿಯಾಗಿ, "ಏನಮ್ಮಾ, ನೀನೂ ಹಂಗೇ ಅಂತೀಯಾ?" ಅಂದರು. ಆಗ ಸುತ್ತ ಇದ್ದವರು ತಿರುಗಿದರು. ಅವರೂ ಬಂದು ಕೈ ಹಾಕಿದರು. ಅವರ ಕೈಗೂ ನನ್ನ ಕೈಗೆ ಸಿಕ್ಕಿದ್ದೇ ಸಿಕ್ಕಿತು.

ಒಳ್ಳೆಯ ದರ ಒತ್ತಿ ತಂದುಬಿಡಬಹುದಿತ್ತು. ನನಗೆ ಆ ಯೋಚನೆ ಬರಲಿಲ್ಲ ಅಂದುಕೊಳ್ಳಬೇಡ, ಬೆರಳು ಮೊಬೈಲಿನ ಮೇಲೇ ಇತ್ತು. ನಿನ್ನ ಮುದ್ದೆಯ ಆಣೆಯೂ ನೆನಪಾಯಿತು. ಆದರೆ ಅದು ಅಬ್ಬನ ಶೆಡ್ಡು, ಸಂಜೆ ಆ ಎಳೆ ಹರಿಯುವುದು ಅಲ್ಲಿ ಕೂತ ಹೆಂಗಸರ ಕೈಯಲ್ಲಿ. ಸ್ನೇಹಕ್ಕೆ ಅಂತ ಆ ದಿನ ಕೊಂಡಿದ್ದರೆ, ಮಾರನೇ ದಿನದಿಂದ ನನ್ನ ಕೈಯನ್ನು ನಾನೇ ನಂಬುತ್ತಿರಲಿಲ್ಲ. ಈ ಕೆಲಸದಲ್ಲಿ ನನ್ನ ಹತ್ತಿರ ಇರುವುದು ಆ ಕೈ ಒಂದೇ ಮೌನಿ. ಅದನ್ನು ಕೊಟ್ಟುಬಿಟ್ಟರೆ ನಾನು ಮತ್ತೆ ಇನ್ಶೂರೆನ್ಸ್ ಕಚೇರಿಯ ಜಬೀನ್.

ಒಂದು ಮಾತು. ಇಷ್ಟು ವರ್ಷ ಹುಳು ಸಾಕಿದ ಮಾಮನಿಗೆ ಗೂಡು ಯಾವಾಗ ಬಿಡಿಸಬೇಕು ಅಂತ ಗೊತ್ತಿಲ್ಲವಾ? ಗೊತ್ತಿದ್ದೂ ಯಾಕೆ ಬೇಗ ಬಿಡಿಸಿದರು ಅಂತ ನೀನೇ ಅವರನ್ನು ಕೇಳು. ನನಗೆ ಅಂದಾಜಿದೆ. ನಾನು ಹೇಳುವುದಿಲ್ಲ.

ಅಬ್ಬ ವಾಕರ್ ಬಿಟ್ಟು ಕೋಲು ಹಿಡಿದಿದ್ದಾರೆ. ಬೀದಿಯ ತುದಿಯವರೆಗೂ ನಡೆಯುತ್ತಾರೆ. ಖುಷಿಯ ವಿಷಯ, ಖುಷಿಯಾಗಿಯೇ ಬರೆಯುತ್ತಿದ್ದೇನೆ.

ಜಬೀನ್

*

ಸಾದಲಿ
೮ ಅಕ್ಟೋಬರ್ ೨೦೨೫

ಜಬೀನಮ್ಮನಿಗೆ ಸಾದಲಿಯಿಂದ ಕೊಂಡಪ್ಪ ಬರೆಯುವುದು.

ಇಲ್ಲಿ ನಾವು, ಹಸು, ಹುಳು ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ತಂದೆ ಜಿಯಾವುಲ್ಲಾ ಸಾಹೇಬರು ಕೋಲು ಹಿಡಿದು ಓಡಾಡುತ್ತಿರುವುದು ಮಾರ್ಕೆಟ್ಟಿಗೆ ಹೋದವರಿಂದ ತಿಳಿಯಿತು, ಸಂತೋಷ. ನೀವಿಬ್ಬರು ಹುಡುಗಿಯರು ಕಾಗದ ಬರೆದುಕೊಳ್ಳುವುದು ಗೊತ್ತು, ಅದಕ್ಕೇ ನಾನೂ ಬರೆಯುತ್ತಿದ್ದೇನೆ. ಈ ಮಾತು ಫೋನಿನಲ್ಲಿ ನನ್ನ ಬಾಯಿಗೆ ಬರುವುದಿಲ್ಲ.

ಆ ದಿನ ನಾನು ಗಟ್ಟಿಯಾಗಿ ಮಾತಾಡಬಾರದಿತ್ತು. ನೀನು ಮೆಲ್ಲಗೆ ಹೇಳಿದ್ದನ್ನು ಊರಿಗೆಲ್ಲ ಕೇಳಿಸಿದವನು ನಾನೇ. ಹಬ್ಬಕ್ಕೆ ಮಗಳು ಬರುತ್ತಾಳೆ, ನಡುಮನೆ ಖಾಲಿ ಇರಬೇಕು, ಅವಳಮ್ಮ ಒಲೆಯ ಮೇಲೆ ಎಣ್ಣೆ ಇಡಬೇಕು ಅಂತ ಬೇಗ ಬಿಡಿಸಿಬಿಟ್ಟೆ. ಹಸಿ ಅಂತ ನನಗೆ ತಿಳಿಯದೆ ಇರುತ್ತದೆಯೇ? ಯಾರಿಗೂ ತಿಳಿಯದೆ ಹೋಗಲಿ ಅಂದುಕೊಂಡಿದ್ದೆ. ಮೌನಿಕಾಗೆ ಇದನ್ನು ಹೇಳಿಲ್ಲ, ನೀನೂ ಹೇಳಬೇಡ.

ಈಗ ಮತ್ತೆ ಹುಳು ಇಟ್ಟಿದ್ದೇನೆ, ದೀಪಾವಳಿ ಹೊತ್ತಿಗೆ ಗೂಡು ಕಟ್ಟುತ್ತದೆ. ಆ ಹಬ್ಬಕ್ಕೂ ಅವಳು ಬರುತ್ತಾಳೆ. ನನ್ನ ಮನಸ್ಸು ಮತ್ತೆ ಅವಸರ ಮಾಡುತ್ತದೆ ಅಂತ ನನಗೇ ಅನುಮಾನ. ನೀನು ಒಂದು ಸಲ ಮನೆಗೆ ಬಂದು ಅಲ್ಲಾಡಿಸಿ ನೋಡಿ, ಬಿಡಿಸಬಹುದೋ ಇಲ್ಲವೋ ಹೇಳಿಬಿಡು. ನನ್ನ ಮಗಳು ಸಮಾಧಾನವಾಗಿ ಎಷ್ಟು ಸಲ ಬೇಕಾದರೂ ಹೇಳುತ್ತಾಳೆ, ಅದಕ್ಕೇ ನಾನು ಕೇಳುವುದಿಲ್ಲ. ನೀನು ಒಂದೇ ಸಲ ಹೇಳುತ್ತೀಯ. ನನಗೆ ಅಂಥವರು ಒಬ್ಬರು ಬೇಕು.

ಆಶೀರ್ವಾದಗಳೊಡನೆ
ಕೊಂಡಪ್ಪ

*

ಶಿಡ್ಲಘಟ್ಟ
೧೩ ಅಕ್ಟೋಬರ್ ೨೦೨೫

ಕೊಂಡಪ್ಪ ಮಾಮನವರಿಗೆ ಸಲಾಂ.

ನಿಮ್ಮ ಕಾಗದ ಓದಿ ಮನಸ್ಸು ಹಗುರವಾಯಿತು. ಅಬ್ಬನಿಗೂ ಓದಿ ಹೇಳಿದೆ.

ಬರುವುದಿಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಮನೆಯಲ್ಲಿ ಉಂಡು ಬಂದು ಮಾರನೇ ದಿನ ನಿಮ್ಮ ಜಾಲರಿಗೆ ಕೈ ಹಾಕುವುದು ನನ್ನಿಂದ ಆಗುವುದಿಲ್ಲ. ನಿಮ್ಮ ಕಿವಿ ನನ್ನ ಕಿವಿಗಿಂತ ಹಳೆಯದು, ಅದನ್ನೇ ಕೇಳಿ. ಗೂಡು ಮಾರಿ ಆದ ಮೇಲೆ ಕರೆಯಿರಿ, ಓಡಿ ಬರುತ್ತೇನೆ.

ಹಬ್ಬದ ವಿಷಯ ನಾನು ಮೌನಿಗೆ ಹೇಳುವುದಿಲ್ಲ. ನೀವೇ ಹೇಳಿದರೆ ಒಳ್ಳೆಯದು. ಇದನ್ನು ಒಂದೇ ಸಲ ಹೇಳುತ್ತಿದ್ದೇನೆ.

ಜಬೀನ್

*

ಸಾದಲಿ
೨೬ ಅಕ್ಟೋಬರ್ ೨೦೨೫

ಜಬೀನ್,

ಹಬ್ಬಕ್ಕೆ ಬಂದವಳು ರಜೆ ಹಾಕಿ ಇನ್ನೂ ಇಲ್ಲೇ ಇದ್ದೇನೆ.

ನಾನು ಬಂದ ದಿನ ಜಗಲಿಯ ತುಂಬ ಚಂದ್ರಿಕೆಗಳು ನಿಂತಿದ್ದವು. ಈ ಸಲವೂ ಬೇಯಿಸಿದ್ದೇ ಗತಿ ಅಂತ ಮುಖ ಊದಿಸಿಕೊಂಡೆ. ಅಮ್ಮನಿಗೆ ಯಾಕೋ ತಡೆಯಲಾಗಲಿಲ್ಲ. "ಹೋದ್ಸಲ ನಿನ್ ಒಗ್ಗರಣೆಗೇ ಕಣೇ ನಿಮ್ಮಪ್ಪ ಹಸಿ ಗೂಡು ಬಿಡ್ಸಿ ಮಾನ ಕಳ್ಕೊಂಡಿದ್ದು" ಅಂದುಬಿಟ್ಟಳು. ಅಪ್ಪ ಅಲ್ಲೇ ಇದ್ದರು. ಹಸುವಿಗೆ ನೀರಿಡಲು ಎದ್ದು ಹೋದರು.

ಬಸ್ಸಿಳಿಯದೆ ಹಿಂದಕ್ಕೆ ಹೋಗ್ತೀನಿ ಅಂದದ್ದು ನಾನು. ತಮಾಷೆಗೆ ಅಂದೆ. ಅಪ್ಪ ಅದನ್ನು ಮನಸ್ಸಿಗೆ ಹಚ್ಚಿಕೊಂಡರು, ಕೊನೆಗೆ ಬೈಸಿಕೊಂಡವಳು ನೀನು. ಗೊತ್ತಿದ್ದೂ ನೀನು ಹೇಳಲಿಲ್ಲ. ಆ ರಾತ್ರಿಯೇ ಬ್ಲಾಕ್ ತೆಗೆದೆ, ಇನ್ನು ಹಾಕುವುದಿಲ್ಲ.

ಹಬ್ಬವಿಡೀ ಉಪ್ಪು ಸಾರು ಉಂಡೆವು. ಅಪ್ಪ ದಿನಾ ಬೆಳಿಗ್ಗೆ ಒಂದು ಗೂಡು ಬಿಡಿಸಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು, ಇನ್ನೂ ಇಲ್ಲ ಅಂತ ತಲೆ ಆಡಿಸುವರು. ನಾನು ಅವಸರ ಮಾಡಲಿಲ್ಲ. ಶುಕ್ರವಾರ ಅಲ್ಲಾಡಿಸಿ ನನ್ನ ಕಿವಿಗೂ ಹಿಡಿದರು. ಗಲಗಲ ಅಂತು. "ಬಿಡ್ಸಣ್ವಾ?" ಅಂತ ನನ್ನನ್ನೇ ಕೇಳಿದರು. ಮೂವರೂ ಸೇರಿ ಬಿಡಿಸಿದೆವು.

ನಿನ್ನೆ ಅಪ್ಪನ ಜೊತೆ ನಾನೂ ಮಾರ್ಕೆಟ್ಟಿಗೆ ಬಂದಿದ್ದೆ. ನಿನಗೆ ಹೇಳಿರಲಿಲ್ಲ, ಕಂಬದ ಹಿಂದೆ ನಿಂತಿದ್ದೆ. ನಿನ್ನನ್ನು ನೋಡಬೇಕಿತ್ತು.

ಸ್ಕೂಲಿನಲ್ಲಿ ನೀನು ಬೆಲ್ ಯಾವಾಗ ಹೊಡೆಯುತ್ತದೆ ಅಂತ ಬಾಗಿಲಿಗೆ ಒರಗಿ ನಿಲ್ಲುತ್ತಿದ್ದೆ. ನಿನ್ನ ಭುಜ ಯಾವಾಗಲೂ ಒಂದು ಕಡೆ ಜಗ್ಗಿರುತ್ತಿತ್ತು. ನಿನ್ನೆ ನೋಡಿದವಳು ಬೇರೆ. ದುಪಟ್ಟಾ ಸೊಂಟಕ್ಕೆ ಬಿಗಿದು, ಒಂದೊಂದು ಜಾಲರಿಗೂ ತೋಳಿಳಿಸಿ, ಕಿವಿಗೆ ಹಿಡಿದು, ಬೆರಳಲ್ಲಿ ಒತ್ತಿ ನೋಡಿ, ಮೊಬೈಲಿನಲ್ಲಿ ಬರೆದು ಮುಂದಕ್ಕೆ. ಯಾರ ಹತ್ತಿರವೂ ಒಂದು ಮಾತು ಹೆಚ್ಚಿಲ್ಲ, ಕಡಿಮೆಯೂ ಇಲ್ಲ. ಇವಳನ್ನು ನಾನು ಯಾಕೆ ಸೀಮೆಸುಣ್ಣ ಕೊಟ್ಟು ನಿಲ್ಲಿಸಿದ್ದೆ ಅಂತ ನನಗೇ ನಗು ಬಂತು.

ನಿನ್ನ ಅಬ್ಬ ಕೋಲೂರಿಕೊಂಡು ಹಿಂದೆ ಬರುತ್ತಿದ್ದರು. ಅವರು ಮಾರ್ಕೆಟ್ಟಿಗೆ ಮರಳಿ ಬಂದ ಮೊದಲ ದಿನ ಅಂತ ಪಕ್ಕದವರು ಮಾತಾಡಿಕೊಂಡರು. ಕಾಲು ನೆಟ್ಟಗಾಗುವವರೆಗೂ ನೀನು ಅಂದಿದ್ದರು ಅಂತ ನೀನು ಬರೆದದ್ದು ನೆನಪಾಯಿತು. ಅಪ್ಪನ ಜಾಲರಿಯ ಮುಂದೆ ಇಬ್ಬರೂ ನಿಂತಿರಿ. ನೀನು ಅಪ್ಪನ ಮುಖ ನೋಡಲಿಲ್ಲ, ಗೂಡು ನೋಡಿದೆ. ನಿನ್ನ ಅಬ್ಬನೂ ಕೈ ಹಾಕಿದರು, ಅಲ್ಲಾಡಿಸಿದರು. ಅಲ್ಲಿ ಎಲ್ಲರೂ ಅವರ ಬಾಯಿ ನೋಡುತ್ತಿದ್ದರು. ಅವರು ಗೂಡನ್ನು ಜಾಲರಿಗೆ ಹಾಕಿ ನಿನ್ನ ಕಡೆ ತಿರುಗಿ, "ತೂ ಬೋಲ್" ಅಂದರು. ನೀನು ಹೇಳು ಅಂತ. ಅಷ್ಟು ಉರ್ದು ನನಗೂ ಬರುತ್ತದೆ.

ಬಲಿತಿದೆ ಅಂತ ನೀನು ಹೇಳಿದೆ, ದರ ಒತ್ತಿದೆ. ಗಂಗರಾಜು ಅದಕ್ಕಿಂತ ಮೇಲೆ ಒತ್ತಿದ. ನೀನು ಇನ್ನೊಂದು ಸಲ ಏರಿಸಿದೆ, ಅವನೂ ಏರಿಸಿದ. ಅಪ್ಪ ನಿನ್ನನ್ನೇ ನೋಡುತ್ತಿದ್ದರು. ನೀನು ಮೊಬೈಲ್ ಇಳಿಸಿ, ಅಪ್ಪನಿಗೆ ಒಂದು ಸಲ ತಲೆ ಬಗ್ಗಿಸಿ, ಪಕ್ಕದ ಜಾಲರಿಗೆ ಹೋದೆ. ಗೂಡು ಗಂಗರಾಜುವಿನ ಪಾಲಾಯಿತು. ಅಪ್ಪ ದಾರಿಯುದ್ದಕ್ಕೂ ಹೇಳಿದ್ದು ಒಂದೇ ಮಾತು: "ಆ ಹುಡ್ಗಿ ಎರಡು ಸಲ ಒತ್ತಿದ್ಲು ಕಣಮ್ಮ. ನನ್ ಗೂಡ್ಗೆ ಎರಡು ಸಲ ಒತ್ತಿದ್ಲು." ಬಂದ ದರಕ್ಕಿಂತ ಅದೇ ಅವರಿಗೆ ದೊಡ್ಡದಾಗಿದೆ.

ನಾಳೆ ಗೌರಿಬಿದನೂರಿಗೆ ಹೋಗುತ್ತೇನೆ. ಹೆಡ್‌ಮಿಸ್ ನಗುತ್ತಾ ಕೇಳಿದರೆ, ನನ್ನ ಫ್ರೆಂಡ್ ತುಂಬಾ ಚೆನ್ನಾಗಿದ್ದಾಳೆ ಅಂತ ನಾನೂ ನಗುತ್ತಾ ಹೇಳುತ್ತೇನೆ.

ನಿನ್ನ
ಮೌನಿ

*

ಶಿಡ್ಲಘಟ್ಟ
೩೧ ಅಕ್ಟೋಬರ್ ೨೦೨೫

ಮೌನಿ,

ಕಂಬದ ಹಿಂದೆ ಅಡಗಿ ನೋಡಿದ್ದಕ್ಕೆ ನಿನ್ನನ್ನು ಆಮೇಲೆ ವಿಚಾರಿಸಿಕೊಳ್ಳುತ್ತೇನೆ.

ಅಬ್ಬ ಹಾಗೆ ಅನ್ನುತ್ತಾರೆ ಅಂತ ನಾನು ಎಣಿಸಿರಲಿಲ್ಲ. ಮಾರ್ಕೆಟ್ಟಿನಲ್ಲಿ ಆ ದಿನವೇ ನನ್ನ ಕೊನೆಯ ದಿನ ಅಂದುಕೊಂಡು ಬಂದಿದ್ದೆ. ಮಾಮನ ಗೂಡು ಬಿಟ್ಟುಕೊಟ್ಟದ್ದಕ್ಕೆ ಬೈಯುತ್ತಾರೇನೋ ಅಂತಲೂ ಇತ್ತು.

ಮಾರನೇ ದಿನ ಬೆಳಿಗ್ಗೆ ಅವರ ಚಪ್ಪಲಿ ಬಾಗಿಲಲ್ಲಿ ಜೋಡಿಸಿ, ಕೋಲು ಒರಗಿಸಿಟ್ಟು, ನಾನು ಒಳಗೆ ಬಂದು ಕೂತೆ. ಅವರು ಚಹಾ ಕುಡಿದು, ಚಪ್ಪಲಿ ನೋಡಿ, ಯಾರ ಸವಾರಿ ಎಲ್ಲಿಗೆ ಅಂತ ಕೇಳಿದರು. ನಿಮ್ಮದೇ, ಮಾರ್ಕೆಟ್ಟಿಗೆ ಅಂದೆ. ಅಬ್ಬ ಆ ಚಪ್ಪಲಿಗಳನ್ನು ಕೋಲಿನಿಂದಲೇ ಮಂಚದ ಕೆಳಗೆ ತಳ್ಳಿದರು. ತಳ್ಳಿ ಹೇಳಿದ್ದನ್ನು ನಮ್ಮ ಭಾಷೆಯಿಂದ ಕನ್ನಡಕ್ಕೆ ತಿರುಗಿಸಿ ನಿನಗೆ ಬರೆಯುತ್ತಿದ್ದೇನೆ: "ನನ್ ಕಾಲು ನೆಟ್ಟಗಾಯ್ತು. ಶೆಡ್ಡು ನಾನು ನೋಡ್ಕೋತೀನಿ. ಗೂಡು ನಿಂದು." ನಿನ್ನ ಬಿ.ಎಡ್. ಏನಾಯಿತು ಅಂತ ಕೇಳಲಿಲ್ಲ. ಆತಿಫ್ ಮಾತ್ರ ಒಳಗಿನಿಂದ ಮೂಗು ಮುಚ್ಚಿಕೊಂಡೇ ಮುಬಾರಕ್ ಅಂದ.

ಈಗ ನಿನ್ನ ಏಪ್ರಿಲ್ ತಿಂಗಳ ಪ್ರಶ್ನೆ. ಇದೂ ಬೇಜಾರಾಗುತ್ತದೆ ಅಂದಿದ್ದೆ. ಹೌದು, ಆಗುತ್ತದೆ. ಮಳೆಯಲ್ಲಿ ಆಗುತ್ತದೆ, ಗಂಗರಾಜು ಟೀಚರಮ್ಮ ಅಂದಾಗ ಆಗುತ್ತದೆ, ಒಳ್ಳೆಯ ಗೂಡು ಕೈ ತಪ್ಪಿದ ದಿನವಂತೂ ತುಂಬಾ ಆಗುತ್ತದೆ. ಮಾಮನ ಗೂಡು ಹೋದ ದಿನ ಮಧ್ಯಾಹ್ನ ಊಟ ಸೇರಲಿಲ್ಲ. ಉಳಿದ ಕೆಲಸಗಳಲ್ಲಿ ಬೇಜಾರಾದ ದಿನ ಬಾಗಿಲ ಕಡೆ ನೋಡುತ್ತಿದ್ದೆ. ಇಲ್ಲಿ ಬೇಜಾರಾದ ದಿನ ನಾಳೆಯ ಗೂಡು ಹೇಗಿರುತ್ತದೋ ಅಂತ ನೋಡುತ್ತೇನೆ. ನನಗೆ ಕೆಲಸ ಸಿಕ್ಕಿದೆ ಮೌನಿ. ಇದನ್ನು ಎಷ್ಟು ಸಲ ಬೇಕಾದರೂ ಹೇಳುತ್ತೇನೆ.

ನಿಮ್ಮ ಮನೆಗೆ ಹೊಸ ಹುಳು ಬರುವ ಮುಂಚೆ ಒಂದು ಭಾನುವಾರ ನೀನು ಸಾದಲಿಗೆ ಬಾ, ನಾನೂ ಬರುತ್ತೇನೆ. ಗೂಡು ಮಾರಿಯಾಯಿತು, ಇನ್ನು ನನಗೆ ಆ ಮನೆಯಲ್ಲಿ ಉಣ್ಣಲು ಅಡ್ಡಿಯಿಲ್ಲ. ಅಮ್ಮನಿಗೆ ಹೇಳು, ಒಗ್ಗರಣೆಯ ಘಾಟು ಬಸ್ ಸ್ಟ್ಯಾಂಡಿನವರೆಗೂ ಬರಬೇಕು.

ಜಬೀನ್